ಒಂದೇ ಗಣಕದಲ್ಲಿ ಎರಡು ಸಮೂಹಗಳು

ವಿದ್ಯಾರ್ಥಿಗಳೇ, ದೊಡ್ಡ ವ್ಯಾಪಾರಸಂಸ್ಥೆಗಳ ತಂತ್ರಾಂಶವು ಸಾಮಾನ್ಯವಾಗಿ ಅನೇಕ ಸಣ್ಣ ಸೇವೆಗಳಾಗಿ ವಿಭಾಗಗೊಂಡು, ಹಲವು ಗಣಕಗಳ ಸಮೂಹದಲ್ಲಿ, ಎಂದರೆ ಕ್ಲಸ್ಟರಿನಲ್ಲಿ, ನೆಲೆಸಿರುತ್ತದೆ. ಇಂತಹ ಸಮೂಹವನ್ನು ನಿರ್ವಹಿಸುವ ಕುಬರ್ನೆಟಿಸ್ ತಂತ್ರಾಂಶವನ್ನು ಗೂಗಲ್ ಸಂಸ್ಥೆಯು 2014ರಲ್ಲಿ ಪ್ರಕಟಿಸಿತು. ಸೇವೆಗಳು ತಮ್ಮತಮ್ಮೊಳಗೆ ನಡೆಸುವ ಸಂಭಾಷಣೆಯನ್ನು ಕಾಯುವ ಏರ್ಪಾಡಿಗೆ ಸರ್ವಿಸ್ ಮೆಶ್ ಎಂದು ಹೆಸರು. 2017ರಲ್ಲಿ ಹೊರಬಂದ ಇಸ್ಟಿಯೊ ಅಂಥವುಗಳಲ್ಲೊಂದು. ಅದು ಪ್ರತಿಯೊಂದು ಸೇವೆಯ ಪಕ್ಕದಲ್ಲಿ ಒಬ್ಬ ಗುಮಾಸ್ತನನ್ನು ಕುಳ್ಳಿರಿಸುತ್ತದೆ ಎನ್ನೋಣ. ಬರುವ ಪತ್ರವೂ ಹೋಗುವ ಪತ್ರವೂ ಅವನ ಕೈಯಿಂದಲೇ ಸಾಗತಕ್ಕದ್ದು.

ಒಂದು ಸಮೂಹ ಕೆಟ್ಟರೆ ಮತ್ತೊಂದು ಕೆಲಸ ನಡೆಸಬೇಕು. ಆದುದರಿಂದ ಎರಡನ್ನು ಜೋಡಿಸುವ ವಿದ್ಯೆ ಅವಶ್ಯಕ. ಖರ್ಚೆಷ್ಟು ಎಂದು ಪೋಷಕರು ಕೇಳುವುದು ಸಹಜ. 16 ಜಿಬಿ ಸ್ಮೃತಿಯುಳ್ಳ ಒಂದು ಗಣಕವಿದ್ದರೆ ಮನೆಯಲ್ಲಿಯೇ ಪ್ರಯೋಗಾಲಯ ಸಿದ್ಧ. ಬೇಕಾದ ತಂತ್ರಾಂಶಗಳನ್ನು ಉಚಿತವಾಗಿ ಪಡೆಯಬಹುದು. ಡಾಕರ್ ಅನ್ನು ಸ್ಥಾಪಿಸಿ, ಕೈಂಡ್ ಎಂಬ ಸಾಧನದಿಂದ ಎರಡು ಪುಟ್ಟ ಸಮೂಹಗಳನ್ನು ನಿರ್ಮಿಸಬೇಕು. ಎರಡಕ್ಕೂ ಒಂದೊಂದು ಹೊರದ್ವಾರ ಬೇಕು. ಆ ದ್ವಾರಕ್ಕೆ ವಿಳಾಸವನ್ನು ಮೆಟಲ್‌ಎಲ್‌ಬಿ ಒದಗಿಸುತ್ತದೆ.

ಕಲಿಯುವವರು ಎಡವುವ ಸ್ಥಳ ವಿಳಾಸ. ಒಂದು ಸಮೂಹದ ಸೇವೆಗಳು ಯಾವುವೆಂದು ಇನ್ನೊಂದು ಅರಿಯಬೇಕಾದರೆ ಪರಸ್ಪರ ಪರಿಚಯಪತ್ರವನ್ನು ಕೊಡಬೇಕು. ಕೈಂಡ್ ಬರೆದಿಡುವ ವಿಳಾಸವಾದರೋ 127.0.0.1. ಇದರ ಅರ್ಥ "ನನ್ನ ಮನೆ" ಎಂದು! ಯಾರು ಓದಿದರೂ ಅದು ಓದಿದವನ ಮನೆಯೇ ಆಗುತ್ತದೆ. ಅಲ್ಲಿ ಡಾಕರ್ ಜಾಲದೊಳಗಿನ ನಿಜವಾದ ವಿಳಾಸವನ್ನು ಬರೆಯತಕ್ಕದ್ದು.

ಇದಕ್ಕಿಂತಲೂ ಗಹನವಾದುದು ಮುದ್ರೆಯ ವಿಚಾರ. ಮುದ್ರೆಯೊತ್ತಿದ ಪತ್ರವನ್ನು ಗುಮಾಸ್ತರು ಆ ಮುದ್ರೆಯನ್ನು ಪರೀಕ್ಷಿಸದೆ ಸ್ವೀಕರಿಸರು. ನಾವು ಏನನ್ನೂ ಹೇಳದಿದ್ದರೆ ಪ್ರತಿಯೊಂದು ಸಮೂಹದ ಇಸ್ಟಿಯೊ ತನ್ನದೇ ಮುದ್ರೆಯನ್ನು ಕೆತ್ತಿಕೊಳ್ಳುತ್ತದೆ. ಎರಡು ಊರುಗಳ ಶಾಲೆಗಳು ಒಂದೇ ಸಂಘದವಾದರೂ ಮುದ್ರೆ ಬೇರೆಯಾದರೆ ವರ್ಗಾವಣೆ ಪತ್ರ ನಡೆಯುವುದುಂಟೇ? ಒಂದು ಮೂಲ ಪ್ರಮಾಣಪತ್ರವನ್ನು ರಚಿಸಿ, ಅದರಿಂದ ಎರಡು ಶಾಖಾಪತ್ರಗಳನ್ನು ಪಡೆದು, ಇಸ್ಟಿಯೊವನ್ನು ಸ್ಥಾಪಿಸುವ ಮೊದಲೇ ಸಮೂಹಕ್ಕೊಂದರಂತೆ ಇಡಬೇಕು. ಆದರೆ ನನ್ನ ಅಭಿಪ್ರಾಯದಲ್ಲಿ, ಬೇಕೆಂದೇ ಒಮ್ಮೆ ಇದಿಲ್ಲದೆ ನಡೆಸಿ ನೋಡುವುದು ಮೇಲು. ಆಚೆಯ ಸಮೂಹದಿಂದ ಒಂದು ಉತ್ತರವೂ ಬಾರದು. ಏಕೆಂಬುದನ್ನು ಗುಮಾಸ್ತನ ದಾಖಲೆಯಲ್ಲಿ ಹುಡುಕಿರಿ.

ಎಲ್ಲವೂ ಸರಿಹೊಂದಿದ ಮೇಲೆ, ಇಸ್ಟಿಯೊದೊಡನೆ ದೊರೆಯುವ ಹಲೋವರ್ಲ್ಡ್ ಎಂಬ ಸೇವೆಯ ಮೊದಲ ಆವೃತ್ತಿಯನ್ನು ಒಂದರಲ್ಲಿಯೂ ಎರಡನೆಯದನ್ನು ಇನ್ನೊಂದರಲ್ಲಿಯೂ ನೆಲೆಗೊಳಿಸಿ, ಒಂದೇ ಕಡೆಯಿಂದ ಹಲವು ಸಲ ಕರೆಯಿರಿ. ಎರಡು ಆವೃತ್ತಿಗಳ ಉತ್ತರಗಳೂ ಬೆರೆತು ಬರುವುವು. ಅನಂತರ ಮೊದಲ ಆವೃತ್ತಿಯನ್ನು ನಿಲ್ಲಿಸಿಬಿಡಿರಿ. ಕರೆದವನಿಗೆ ಉತ್ತರವೇನೋ ಬರುತ್ತಲೇ ಇರುತ್ತದೆ, ಎಲ್ಲವೂ ಎರಡನೆಯದರಿಂದ.