ಸರದಿಗೂ ಒಂದು ಹರಾಜು



ಕೊಯ್ಲಿಗೆ ಮುನ್ನ ಮೂವರು ಬೆಳೆಗಾರರು ಒಂದೇ ವರ್ಕ್‌ಶಾಪಿನಲ್ಲಿ ಪಲ್ಪರ್ ಮಾಡಿಸುತ್ತಾರೆಂದುಕೊಳ್ಳಿ. ಒಂದೊಂದಕ್ಕೂ ಒಂದು ವಾರ ಬೇಕು. ಎಲ್ಲರಿಗೂ ಮೊದಲೇ ಬೇಕು.

ಒಂದು ವಾರ ತಡವಾದರೆ ಆಗುವ ನಷ್ಟವನ್ನು ಪ್ರತಿಯೊಬ್ಬರೂ ಮುಚ್ಚಿದ ಚೀಟಿಯಲ್ಲಿ ಬರೆಯಲಿ: 900, 500, 200 ರೂಪಾಯಿ. ಹೆಚ್ಚು ನಷ್ಟದವರಿಗೆ ಮೊದಲ ಸರದಿ. ಕಟ್ಟಬೇಕಾದದ್ದು ತಾವು ಬರೆದ ಮೊತ್ತವನ್ನಲ್ಲ, ತಮ್ಮಿಂದ ಹಿಂದೆ ಬಿದ್ದವರ ಒಂದು ವಾರದ ನಷ್ಟವನ್ನು. ಮೊದಲನೆಯವರು 700, ಎರಡನೆಯವರು 200. ಕೊನೆಯವರು ಏನೂ ಕಟ್ಟಬೇಕಿಲ್ಲ.

ಕೊನೆಯವರು 600 ಎಂದು ಸುಳ್ಳು ಬರೆದರೆ? ಒಂದು ವಾರ ಮುಂಚೆ ಸಿಕ್ಕಿ 200 ಉಳಿಯುತ್ತದೆ, ಆದರೆ 500 ಕಟ್ಟಬೇಕಾಗುತ್ತದೆ. ಸುಳ್ಳಿನಿಂದ ನಷ್ಟವೇ. 1961ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ವಿವರಿಸಿದ ಹರಾಜಿನ ತತ್ತ್ವದ ವಿಸ್ತರಣೆಯಿದು.

ಒಂದು ಎಚ್ಚರಿಕೆ: ಕೈಯಲ್ಲಿ ಕಾಸಿಲ್ಲದವರು ತಮ್ಮ ನಿಜವಾದ ನಷ್ಟವನ್ನು ಬರೆಯಲು ಹಿಂಜರಿಯುತ್ತಾರೆ. ಆದ್ದರಿಂದ ಹಣ ಕಟ್ಟಲು ಬೆಳೆ ಮಾರಾಟವಾಗುವವರೆಗೆ ಗಡುವು ಕೊಡಬೇಕು.