ಮನದ ಬಿಗುವಿಗೆ ಮಂದಗತಿಯ ವ್ಯಾಯಾಮ

ಮಳೆ ತಡವಾದರೆ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಕಡಲೆಕಾಯಿ ಬೆಳೆಯೊಂದಿಗೆ ರೈತನ ನಿದ್ರೆಯೂ ಕೆಡುತ್ತದೆ. ಎದೆ ಭಾರ, ನಿದ್ರಾಹೀನತೆ ಎಂದು ಬರುವ ಇಂತಹವರನ್ನು ನಾವು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ‘ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮವೇಕೆ?’ ಎಂಬುದು ಅವರ ಪ್ರಶ್ನೆ. ದುಡಿಮೆಯಲ್ಲಿ ದೇಹ ದಣಿಯುತ್ತದೆ. ಮನಸ್ಸು ಮಾತ್ರ ಸಾಲದ ಲೆಕ್ಕದಲ್ಲಿಯೇ ಸುತ್ತುತ್ತಿರುತ್ತದೆ.

ದೇಹ, ಉಸಿರು, ಮನಸ್ಸುಗಳನ್ನು ಒಂದೇ ಗತಿಗೆ ತರುವ ಅಭ್ಯಾಸವೇ ಚೀನಾದ ತಾಯ್ ಚಿ. ಯುನೆಸ್ಕೊ ಇದನ್ನು 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂಬ ಆಯುರ್ವೇದದ ನಿಯಮಕ್ಕೂ ಇದು ಒಪ್ಪುತ್ತದೆ. ನಿಧಾನವಾದ ಉಸಿರಾಟದಿಂದ ಹೃದಯದ ಬಡಿತ ತಗ್ಗಿ, ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ.

ಆರಂಭದ ಕ್ರಮ: ಬೆಳಗ್ಗೆ ಸಮತಟ್ಟಾದ ಅಂಗಳದಲ್ಲಿ ಪಾದಗಳನ್ನು ಭುಜದಷ್ಟು ಅಗಲಿಸಿ ನಿಲ್ಲಿರಿ. ಮೊಣಕಾಲು ಕೊಂಚ ಬಾಗಿರಲಿ. ಉಸಿರನ್ನು ಎಳೆದುಕೊಳ್ಳುತ್ತ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಬಿಡುತ್ತ ಇಳಿಸಿರಿ. ಬಳಿಕ ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ಸಾಗಿಸಿರಿ. ಹತ್ತು ನಿಮಿಷ ಸಾಕು. ಮುಂದಿನ ಚಲನೆಗಳನ್ನು ಬಲ್ಲವರಿಂದಲೇ ಕಲಿಯಬೇಕು.

ವೃದ್ಧರು ಗೋಡೆಯ ಪಕ್ಕದಲ್ಲಿ ಅಭ್ಯಸಿಸಲಿ. ಎದೆನೋವಿದ್ದರೆ ಮೊದಲು ಹೃದಯದ ತಪಾಸಣೆಯಾಗಲಿ. ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿ ನಿಲ್ಲಿಸಕೂಡದು.

ಇದರಿಂದ ಮಳೆ ಬಾರದು, ಸಾಲವೂ ತೀರದು. ಆದರೆ ಅವನ್ನು ಎದುರಿಸುವ ಮನಸ್ಸಿಗೆ ರಾತ್ರಿಯ ನಿದ್ರೆ ಬೇಕು. ಚಿಂತೆಯನ್ನು ಒಬ್ಬರೇ ಹೊರದೆ ಮನೆಯವರೊಡನೆ, ವೈದ್ಯರೊಡನೆ ಹೇಳಿಕೊಳ್ಳಿರಿ.