ಅಜ್ಜಿಯ ಕಥೆಗೆ ಕಪಾಟಿನಲ್ಲಿ ಎಡೆಯುಂಟೆ?

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದದೆ ಅಥವಾ ಕೇಳದೆ ಶಾಲೆ ದಾಟಿದ ಕನ್ನಡದ ಮಕ್ಕಳು ಕಡಮೆ. ಕಥೆ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ್ದು. ಇಂಗ್ಲಿಷ್ ಕವಿ ಬ್ರೌನಿಂಗ್ ಅದನ್ನು ಪದ್ಯವಾಗಿಸಿದ. ನಮ್ಮ ಕವಿ ಅದನ್ನು ತುಂಗೆಯ ದಡಕ್ಕೆ ತಂದು ನಿಲ್ಲಿಸಿದರು. ಬೆಳಕವಾಡಿಯ ಹುಡುಗನಾದ ನನಗೂ ಅದು ಬಾಯಿಪಾಠವಾಗಿತ್ತು. ಆದರೆ ಅದೇ ದಿನಗಳಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತು, ನೀಲಗಾರರ ತಂಬೂರಿ ಗಗ್ಗರಗಳ ನಡುವೆ ಕೇಳುತ್ತಿದ್ದ ಕಥೆಯೊಂದು ನನ್ನ ಕೈಗೆ ಬಂದ ಯಾವ ಮಕ್ಕಳ ಪುಸ್ತಕದಲ್ಲಿಯೂ ಸಿಕ್ಕಲಿಲ್ಲ.

ಮಂಟೇಸ್ವಾಮಿಯ ಕಥೆಯನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆತನ ಮಠವಿರುವ ಬೊಪ್ಪೇಗೌಡನಪುರ ನಮ್ಮ ನೆರೆಯದೇ. ಪಾಂಚಾಳರ ಮನೆಯ ಕಿರಿಯ ಮಗ ಕೆಂಪಾಚಾರಿಯನ್ನು ಶಿಶುಮಗನಾಗಿ ಬೇಡಿ ಪಡೆದದ್ದು ಮದ್ದೂರಿನ ಕಡೆಯ ನಿಡಘಟ್ಟದಲ್ಲಿ. ಆ ಹುಡುಗನೇ ಸಿದ್ದಪ್ಪಾಜಿಯಾಗಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಡಬಾರದ ಪಾಡು ಪಟ್ಟದ್ದು ಹಲಗೂರಿನಲ್ಲಿ. ಇವೆಲ್ಲ ನಾವು ಬಸ್ಸಿನಲ್ಲಿ ಟಿಕೆಟು ಕೊಂಡು ಹೋಗಿ ಬರುವ ಊರುಗಳು! ಆದರೂ ಒಮ್ಮೆ ಶಾಲೆಯಲ್ಲಿ ಮೇಷ್ಟ್ರು ‘ನಿನಗೆ ಗೊತ್ತಿರುವ ಕಥೆ ಹೇಳು’ ಎಂದಾಗ ನಾನು ಆಮೆ ಮೊಲಗಳ ಕಥೆ ಹೇಳಿ ಕುಳಿತೆ. ಅಜ್ಜಿ ಕೇಳಿಸುತ್ತಿದ್ದುದು ಕಥೆಯೆಂದೇ ನನಗೆ ತೋರಲಿಲ್ಲ. ಅಚ್ಚಾಗದ್ದನ್ನು ಹತ್ತು ಜನರೆದುರು ಹೇಳುವುದು ನಾಚಿಕೆಯ ಸಂಗತಿಯೆಂದು ನನ್ನ ಎಣಿಕೆ.

ಈ ನಾಚಿಕೆ ನನ್ನೊಬ್ಬನದಲ್ಲವೆಂದು ತಿಳಿದದ್ದು ಪೂರಾ ಬೆಲ್ಪ್ರೆ ಎಂಬ ಮಹಿಳೆಯ ವೃತ್ತಾಂತವನ್ನು ಓದಿದಾಗ. ಆಕೆ ಸ್ಪ್ಯಾನಿಷ್ ನುಡಿಯಾಡುವ ಪೋರ್ಟೊ ರಿಕೊ ದ್ವೀಪದವರು. 1921ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಾಲಯದಲ್ಲಿ ಕೆಲಸಕ್ಕೆ ಸೇರಿದರು. ಮಕ್ಕಳ ಕಪಾಟಿನಲ್ಲಿ ಎಷ್ಟೋ ದೇಶಗಳ ಜನಪದ ಕಥೆಗಳಿದ್ದವು. ತಮ್ಮ ಅಜ್ಜಿ ಹೇಳುತ್ತಿದ್ದ ಒಂದು ಕಥೆಯೂ ಇರಲಿಲ್ಲ. ಆಕೆ ದೂರಿಕೊಂಡು ಕೂರಲಿಲ್ಲ. ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಸ್ಪ್ಯಾನಿಷ್‌ನಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಕಥೆ ಹೇಳಿದರು, ಬೊಂಬೆಯಾಡಿಸಿದರು. ಪೆರೆಸ್ ಎಂಬ ಇಲಿ, ಮಾರ್ಟಿನಾ ಎಂಬ ಜಿರಲೆ, ಇವರಿಬ್ಬರ ಮದುವೆಯ ಕಥೆ 1932ರಲ್ಲಿ ಪುಸ್ತಕವಾಯಿತು. 1996ರಿಂದ ಅಮೆರಿಕದಲ್ಲಿ ಆಕೆಯ ಹೆಸರಿನ ಬಹುಮಾನವನ್ನು ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳ ಸಾಹಿತಿಗಳಿಗೂ ಚಿತ್ರಕಾರರಿಗೂ ಕೊಡುತ್ತ ಬಂದಿದ್ದಾರೆ. ಆ ದೇಶದಲ್ಲಿ ಸ್ಪ್ಯಾನಿಷ್ ಪರಂಪರೆಯ ಉತ್ಸವವೊಂದಿದೆ. 1968ರಲ್ಲಿ ವಾರದ ಆಚರಣೆಯಾಗಿ ಮೊದಲಾಗಿ, 1988ರಲ್ಲಿ ತಿಂಗಳಿಗೆ ವಿಸ್ತರಿಸಿತು.

ನನ್ನ ಮನಸ್ಸನ್ನು ಹಿಡಿದದ್ದು ಉತ್ಸವವಲ್ಲ, ಇಲಿಯ ಕಥೆಯ ಕೊನೆ. ಪೆರೆಸ್ ಅಡಿಗೆಯ ಕೊಪ್ಪರಿಗೆಗೆ ಬಿದ್ದು ಸಾಯುತ್ತದೆ. ಮಾರ್ಟಿನಾ ಅಳುತ್ತಾಳೆ. ಮಕ್ಕಳು ನೊಂದಾರೆಂದು ಬೆಲ್ಪ್ರೆ ಇಲಿಯನ್ನು ಬದುಕಿಸಿಬಿಡಲಿಲ್ಲ.

ನಮ್ಮಲ್ಲಿ ಮಂಟೇಸ್ವಾಮಿಯನ್ನು ಮಕ್ಕಳ ಪುಸ್ತಕಕ್ಕೆ ತರಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆಯೂ ಇದೇ. ವಿದ್ವಾಂಸರು ತಮ್ಮ ಕೆಲಸ ಮಾಡಿದ್ದಾರೆ, ಜೀ. ಶಂ. ಪರಮಶಿವಯ್ಯನವರೂ ಆಮೇಲೆ ಹಿ. ಚಿ. ಬೋರಲಿಂಗಯ್ಯನವರೂ ನೀಲಗಾರರ ಬಾಯಿಂದ ಕಾವ್ಯವನ್ನು ಬರೆದುಕೊಂಡು ಅಚ್ಚುಹಾಕಿಸಿದರು. ಅವು ದೊಡ್ಡವರ ಹೊತ್ತಗೆಗಳು. ಹತ್ತು ವರ್ಷದ ಹುಡುಗನಿಗೆಂದು ಇದನ್ನೇ ಬರೆಯುವಾಗ ಲೇಖನಿ ಅಂಜುತ್ತದೆ. ಏಕೆಂದರೆ ಧರೆಗೆ ದೊಡ್ಡವರೆನ್ನಿಸಿಕೊಂಡ ಆತ ಕಲ್ಯಾಣಕ್ಕೆ ಬರುವುದು ಚೆಲುವನಾಗಿ ಅಲ್ಲ. ಹತ್ತಿರ ಸುಳಿಯಲಾಗದಷ್ಟು ನಾರುವ ರೋಗಿಯಂತೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಅಲ್ಲಿ ನಿಜವಾದ ಶರಣರು ಯಾರೆಂದು ಪರೀಕ್ಷಿಸುವುದಕ್ಕೇ ಆ ವೇಷ. ಮಕ್ಕಳಿಗೆ ಅಸಹ್ಯವೆಂದು ನಾತವನ್ನು ತೊಳೆದು, ಕಾವಿ ಉಡಿಸಿ, ಹಣೆಗೆ ವಿಭೂತಿ ಬಳಿದು ಚಿತ್ರ ಬರೆಸಿದರೆ ಬಾಗಿಲಲ್ಲಿ ತಡೆಯುವುದಕ್ಕೆ ಕಾರಣವೇ ಉಳಿಯದು. ಕಥೆಯೂ ಉಳಿಯದು.

ಮಕ್ಕಳು ಇಂಥದನ್ನು ತಾಳಲಾರರೆಂಬ ಮಾತನ್ನು ನಾನು ಒಪ್ಪಲಾರೆ. ‘ಗೋವಿನ ಹಾಡು’ ನಮ್ಮ ಪಠ್ಯಪುಸ್ತಕಗಳಲ್ಲಿ ಬಂದದ್ದೇ ಅಲ್ಲವೆ? ಅದರ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ಅದನ್ನು ಕೇಳಿ ಅತ್ತ ಮಕ್ಕಳೇ ಮರುದಿನ ಮತ್ತೆ ಹಾಡಿಸಿಕೊಂಡರು.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಬೀದಿಯ ಏಳೆಂಟು ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಈ ಭಾಗವನ್ನು ಹೇಳಿದೆ. ನಾತದ ಮಾತು ಬಂದಾಗ ಮೂಗು ಮುಚ್ಚಿ ನಕ್ಕರು. ಬಾಗಿಲ ಮುಂದೆ ತಡೆದಾಗ ನಗು ನಿಂತಿತು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು, “ಅಣ್ಣ, ಬಸವಣ್ಣೋರ ಮನೇಲೂ ಒಳೀಕೆ ಬುಡಾಕಿಲ್ವಾ?” ಎಂದಳು. ನಾನು ತಡವರಿಸಿದೆ. ನನ್ನ ತರಗತಿಯ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಅಂಥ ಪ್ರಶ್ನೆ ಬಂದಿಲ್ಲ! “ಬಾಗಿಲಲ್ಲಿದ್ದೋರು ಬುಡ್ನಿಲ್ಲ ಕಣವ್ವ, ಬಸವಣ್ಣೋರೂ ನೀಲಮ್ಮನೋರೂ ಆಮೇಲೆ ತಾವೇ ಹುಡುಕ್ಕೊಂಡು ಬತ್ತಾರೆ” ಎಂದೆ. ಅವಳಿಗೆ ಅದು ಸಾಕಾಗಲಿಲ್ಲವೆಂದು ಮುಖದಿಂದಲೇ ತಿಳಿಯಿತು.

ಆ ಪ್ರಶ್ನೆಯನ್ನು ಹಾಗೆಯೇ ಇಟ್ಟುಕೊಂಡು ಬರೆಯಲು ತೊಡಗಿದ್ದೇನೆ. ಭಾಷೆ ಅಜ್ಜಿಯದು, ಕಾಗುಣಿತ ಮಾತ್ರ ನನ್ನದು. ಒಂದು ನೋಟುಪುಸ್ತಕ ತುಂಬಿದೆ. ಹಲಗೂರಿನ ಭಾಗಕ್ಕೆ ಬಂದು ಕೈ ನಿಂತಿದೆ. ಅಜ್ಜಿಗೆ ಅಲ್ಲಿ ಪದ ಮರೆತಿದೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಯಲ್ಲಿ ತಂಬೂರಿಯವರನ್ನು ಕೇಳಿಕೊಂಡು ಬಾ ಎಂದಿದ್ದಾಳೆ.